ಎರಡು ಬನಿಯನ್ನಿನ ಕೆಳಗೆ

ಹದಿಮೂರನೆಯ ವಯಸ್ಸಿನಿಂದ ಮೂವತ್ತೆರಡರವರೆಗೆ ನಾನು ಅಂಗಿಯ ಒಳಗೆ ಎರಡು ಬನಿಯನ್ ಹಾಕಿಕೊಂಡೇ ಬದುಕಿದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಎರಡು. ಒಳಗಿನದು ನನ್ನ ಅಳತೆಗಿಂತ ಚಿಕ್ಕದು, ಉಸಿರು ಬಿಗಿಹಿಡಿದು ತಲೆಯ ಮೇಲಿಂದ ಎಳೆದು ಇಳಿಸಬೇಕಾದಂಥದ್ದು. ಹೊರಗಿನದು ಎಲ್ಲರೂ ಹಾಕುವಂಥದ್ದು. ಮೀಸೆ ಚಿಗುರುವ ಹೊತ್ತಿಗೆ ನನ್ನ ಎದೆಯೂ ಉಬ್ಬತೊಡಗಿತ್ತು. ಮೊದಲು ನೋವು, ಆಮೇಲೆ ಗಂಟು, ಆಮೇಲೆ ಯಾವ ಅಂಗಿಯೂ ಮುಚ್ಚಲಾರದಷ್ಟು ಆಕಾರ. ದಪ್ಪಗಿದ್ದೆ ಎಂದೇನಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಒಳಕ್ಕೆ. ಎದೆ ಮಾತ್ರ ಬೇರೆ ಯಾರದೋ ಮೈಯಿಂದ ತಂದಿಟ್ಟ ಹಾಗಿತ್ತು.

ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರಲ್ಲಿ ನಮ್ಮ ಮನೆ. ಅಬ್ಬಾಗೆ ಮಾರುಕಟ್ಟೆಯೊಳಗೆ ಹಣ್ಣಿನ ಅಂಗಡಿ. ಮನೆಯಲ್ಲಿ ದಖನಿ ಉರ್ದು, ಪಕ್ಕದ ಮನೆಯವರೊಡನೆ ತಮಿಳು, ಗಿರಾಕಿಗಳೊಡನೆ ಕನ್ನಡ. ಇವುಗಳಲ್ಲಿ ಕನ್ನಡ ನನ್ನನ್ನು ಹೇಗೋ ಹಿಡಿದುಕೊಂಡಿತು. ಅದನ್ನೇ ಓದಿ ಮೇಷ್ಟರಾದೆ. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಿಂದ ಸ್ವಲ್ಪ ಒಳಗಿರುವ ಒಂದು ಹೈಸ್ಕೂಲಿನಲ್ಲಿ ಈಗಲೂ ಪಾಠ ಮಾಡುತ್ತಿದ್ದೇನೆ. ಅಬ್ಬಾ, ಅಮ್ಮಿ ಆಡಿದ ಮಾತುಗಳೆಲ್ಲ ದಖನಿಯಲ್ಲಿದ್ದವು. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಹುಡುಗನಾಗಿದ್ದಾಗ ರಂಜಾನಿಗೆ ಹೊಸ ಬಟ್ಟೆ ಹೊಲಿಸಲು ಹೋಗುವುದೆಂದರೆ ಜೀವ ಹೋಗುತ್ತಿತ್ತು. ದರ್ಜಿ ಟೇಪನ್ನು ಎದೆಯ ಸುತ್ತ ತಂದು ಒಂದು ಕ್ಷಣ ನಿಲ್ಲಿಸುತ್ತಿದ್ದ. ಒಂದು ವರ್ಷ ಅಂಗಡಿಯಲ್ಲಿ ಕೂತ ನಾಲ್ಕು ಜನರಿಗೆ ಕೇಳುವಂತೆ, "ಇವನಿಗೆ ಜುಬ್ಬಾ ಹೊಲೀಲಾ, ಕುರ್ತಿ ಹೊಲೀಲಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ವರ್ಷದಿಂದ ರೆಡಿಮೇಡ್ ಬಟ್ಟೆಯೇ ಬೇಕೆಂದು ಹಟ ಹಿಡಿದೆ. ಅಬ್ಬಾ ಯಾಕೆಂದು ಕೇಳಲಿಲ್ಲ, ಕೊಡಿಸಿದರು. ಎರಡು ಸೈಜು ದೊಡ್ಡದನ್ನು ಅವರೇ ಆರಿಸಿದರು. ಬೆಳೆಯುವ ಹುಡುಗ, ಅದಕ್ಕೆ, ಎಂದುಕೊಂಡಿದ್ದೆ.

ಮೇಷ್ಟರಾದ ಮೇಲೆ ಕಷ್ಟ ಇನ್ನೊಂದು ಥರ. ಬೋರ್ಡಿನ ಮೇಲ್ಭಾಗದಲ್ಲಿ ಬರೆಯಲು ಕೈ ಎತ್ತಿದರೆ ಅಂಗಿ ಎದೆಗೆ ಅಂಟುತ್ತದೆ. ಹಾಗಾಗಿ ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೆಯುತ್ತಿದ್ದೆ. ಹಾಜರಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಡೆಯುತ್ತಿದ್ದೆ. ಹೆಗಲು ಮುಂದಕ್ಕೆ ಬಾಗಿಸಿ, ಬೆನ್ನು ಸ್ವಲ್ಪ ಗೂನು ಮಾಡಿ. ಒಂದು ದಿನ ಒಂಬತ್ತನೇ ತರಗತಿಗೆ ಹೋದಾಗ ಬೋರ್ಡಿನ ಮೇಲೆ ಒಂದು ಚಿತ್ರವಿತ್ತು. ಕನ್ನಡಕ, ಗಡ್ಡ, ಕೈಯಲ್ಲಿ ಪುಸ್ತಕ, ಮತ್ತೆ ಆ ಎದೆ. ಕೆಳಗೆ ಹೆಸರು ಬರೆದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಡಸ್ಟರ್ ತೆಗೆದುಕೊಂಡು ಅಳಿಸಿದೆ. ಆ ದಿನದ ಪಾಠ ಸಮಾಸ. ಒಂದು ತಪ್ಪೂ ಇಲ್ಲದೆ ನಲವತ್ತು ನಿಮಿಷ ಪಾಠ ಮಾಡಿದೆ. ಆಮೇಲೆ ಸ್ಟಾಫ್ ರೂಮಿನ ಪಾಯಖಾನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.

ಅಷ್ಟರಲ್ಲಿ ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿತ್ತು. ಅಮ್ಮಿ ತಂದ ಸಂಬಂಧಗಳಿಗೆಲ್ಲ ಏನಾದರೊಂದು ಕೊಂಕು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನಿಜವಾದ ಕಾರಣ ಒಂದೇ. ಮೊದಲ ದಿನ ಅಂಗಿ ಬಿಚ್ಚಿದಾಗ ಆ ಹುಡುಗಿ ಏನು ನೋಡುತ್ತಾಳೆ?

ಕೊನೆಗೆ ಇಂದಿರಾನಗರದ ಒಂದು ಕ್ಲಿನಿಕ್ಕಿಗೆ ಹೋದೆ. ಗಾಜಿನ ಬಾಗಿಲು, ತಂಪು ಗಾಳಿ, ಗೋಡೆಯ ಮೇಲೆ ಮೂಗು, ಸೊಂಟ, ಹೊಟ್ಟೆ, ತೊಡೆಗಳ ಚಿತ್ರಗಳು. ಮೊದಲು ಹೀಗೆ, ಆಮೇಲೆ ಹೀಗೆ. ಡಾಕ್ಟರು ಅರವತ್ತರ ಹತ್ತಿರದವರು, ಕನ್ನಡದವರು. ಅಂಗಿ ಬಿಚ್ಚಲು ಹೇಳಿದರು. ಮೊದಲು ಒಂದು ಬನಿಯನ್, ಆಮೇಲೆ ಇನ್ನೊಂದು ಬಿಚ್ಚಿದೆ. ಎರಡೂ ಕಡೆ ಬೆರಳಿನಿಂದ ಒತ್ತಿ ನೋಡಿದರು. ಕನ್ನಡಕ ತೆಗೆದು ಕೂತು ಹೇಳತೊಡಗಿದರು.

"ನೋಡಿ ಮೇಷ್ಟ್ರೇ, ಇದಕ್ಕೆ ಗೈನಕೋಮಾಸ್ಟಿಯಾ ಅಂತಾರೆ. ನೀವೇನೂ ತಪ್ಪು ಮಾಡಿಲ್ಲ. ವ್ಯಾಯಾಮ ಮಾಡಿದ್ರೆ ಕೊಬ್ಬು ಕರಗುತ್ತೆ, ಒಳಗಿರೋ ಗ್ರಂಥಿ ಕರಗಲ್ಲ. ಬರೀ ಕೊಬ್ಬಿದ್ರೆ ಪೈಪ್ ಹಾಕಿ ಎಳೆದು ತೆಗೀತೀವಿ. ಗ್ರಂಥಿ ಇದ್ರೆ ಮೊಲೆತೊಟ್ಟಿನ ಅಂಚಲ್ಲಿ ಸಣ್ಣದಾಗಿ ಕೊಯ್ದು ತೆಗೀಬೇಕು. ನಿಮಗೆ ಎರಡೂ ಬೇಕಾಗುತ್ತೆ. ಚರ್ಮ ಜೋತುಬಿದ್ದಿಲ್ಲ, ಅದು ಒಳ್ಳೇದು. ಮೊದ್ಲು ರಕ್ತ ಪರೀಕ್ಷೆ ಮಾಡ್ಸಿ, ಹಾರ್ಮೋನ್ ನೋಡೋಣ."

"ಇದು ಎಷ್ಟೋ ಜನಕ್ಕೆ ಇರುತ್ತಾ ಸರ್?"

"ದಿನಾ ಬರ್ತಾರೆ. ಎಲ್ರೂ ಇದೇ ಪ್ರಶ್ನೆ ಕೇಳ್ತಾರೆ," ಎಂದರು.

ಮುಂದಿನ ಭಾನುವಾರ ಬೆಳಗಿನ ಚಹಾದ ಹೊತ್ತಿನಲ್ಲಿ ಮನೆಯಲ್ಲಿ ಹೇಳಿದೆ. ಹತ್ತೊಂಬತ್ತು ವರ್ಷ ಬಾಯಿಬಿಡದ ವಿಷಯವನ್ನು ಎರಡು ವಾಕ್ಯದಲ್ಲಿ ಮುಗಿಸಿದೆ. ಅಮ್ಮಿ ನನ್ನ ಮುಖ ನೋಡಲಿಲ್ಲ. ಅಬ್ಬಾನ ಮುಖ ನೋಡಿದರು. ಹೆದರಿಕೆಯಿಂದ ನೋಡುತ್ತಿದ್ದಾರೆ ಅಂದುಕೊಂಡೆ.

ಅಬ್ಬಾ ತಲೆ ಅಲ್ಲಾಡಿಸಿದರು. "ನಕ್ಕೋ ಬೇಟಾ," ಎಂದರು. ಬೇಡ ಮಗನೇ.

"ಯಾಕೆ ಅಬ್ಬಾ?"

"ರೋಗವಲ್ಲ, ನೋವಲ್ಲ. ಒಳ್ಳೆ ಮೈಗೆ ಕತ್ತಿ ಯಾಕೆ ಹಾಕಿಸ್ಕೊಳ್ತೀಯ? ಹೆಚ್ಚುಕಮ್ಮಿ ಆದ್ರೆ? ಅಂಗಿ ಹಾಕ್ಕೊಂಡ್ರೆ ಯಾರಿಗೆ ಕಾಣುತ್ತೆ? ಬದುಕಬಹುದು. ನಾನು ಬದುಕಲಿಲ್ವಾ?"

ಈ ಕೊನೆಯ ಮಾತನ್ನು ನಾನು ಅವರ ಮಾಮೂಲಿ ಉಪದೇಶ ಎಂದುಕೊಂಡೆ. ಹತ್ತನೆಯ ವಯಸ್ಸಿಗೆ ಹಣ್ಣಿನ ಬುಟ್ಟಿ ಹೊತ್ತದ್ದು, ಓದು ಬಿಟ್ಟದ್ದು, ಹಸಿದಿದ್ದು ಎಲ್ಲವನ್ನೂ ಅವರು ಹೀಗೇ ಮುಗಿಸುತ್ತಿದ್ದರು. ನನ್ನ ಪಿತ್ತ ನೆತ್ತಿಗೇರಿತು.

"ನಿಮಗೇನು ಗೊತ್ತು ಅಬ್ಬಾ? ಇಂಥ ಮೈ ಹೊತ್ಕೊಂಡು ಜನರ ಮಧ್ಯೆ ಓಡಾಡೋದು ಅಂದ್ರೆ ಏನು ಅಂತ ನಿಮಗೆ ಗೊತ್ತಾ? ನೀವು ಗಂಡಸಾಗಿ ಬದುಕಿದವರು. ನಾನು ಹಾಗೆ ಒಂದು ದಿನವೂ ಬದುಕಿಲ್ಲ."

ಅವರು ಚಹಾ ಪೂರ್ತಿ ಕುಡಿಯಲಿಲ್ಲ. ಗೂಟದಲ್ಲಿದ್ದ ಸದರಿಯನ್ನು, ಆ ತೋಳಿಲ್ಲದ ಕೋಟನ್ನು, ಜುಬ್ಬಾದ ಮೇಲೆ ಹಾಕಿಕೊಂಡು, ಟೋಪಿ ಇಟ್ಟು, ಅಂಗಡಿಗೆ ಹೊರಟುಹೋದರು. ಅಮ್ಮಿ ಲೋಟ ಎತ್ತಿಕೊಳ್ಳುತ್ತಾ, "ಅಷ್ಟು ಮಾತು ಬೇಕಿತ್ತೇನೋ?" ಎಂದರು. ಬೇಕಿತ್ತು ಎಂದೆ.

ಆಪರೇಷನ್ ಆಯಿತು. ಅಮ್ಮಿಯೇ ಜೊತೆಗೆ ಬಂದರು. ಮರುದಿನ ಮನೆಗೆ ಬಂದಾಗ ಎರಡೂ ಪಕ್ಕೆಯಿಂದ ಸಣ್ಣ ಕೊಳವೆಗಳು ಇಳಿಬಿದ್ದಿದ್ದವು. ಎದೆಯ ಮೇಲೆ ಬಿಗಿಯಾದ ಅಂಗಿಯಂಥ ಪಟ್ಟಿ, ಅದನ್ನು ಒಂದೂವರೆ ತಿಂಗಳು ಹಾಕಿಕೊಂಡೇ ಇರಬೇಕು. ಮೂರು ದಿನ ಅಬ್ಬಾ ನಾನು ಮಲಗಿದ್ದ ಕೋಣೆಗೆ ಕಾಲಿಡಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದರು. ಕೈಯಲ್ಲಿ ಒಂದು ಡಬ್ಬಿ, ಅದರ ತುಂಬ ಬಿಡಿಸಿದ ದಾಳಿಂಬೆ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು.

"ನೋವಿದೆಯಾ?"

"ಇಲ್ಲ."

"ಎಷ್ಟುದ್ದ ಕೊಯ್ದಿದ್ದಾರೆ?"

"ಸಣ್ಣದು."

"ಪೂರ್ತಿ ಮತ್ತು ಬರಿಸ್ತಾರಾ? ಎಚ್ಚರ ಇರಲ್ವಾ?"

"ಇರಲ್ಲ."

"ಮತ್ತೆ ಬೆಳೆಯಲ್ಲ ತಾನೇ? ಅಲ್ಲಿಗೆ ವಯಸ್ಸಾದೋರೂ ಬರ್ತಾರಾ?"

"ಬರ್ತಾರೇನೋ. ನನಗೆ ಗೊತ್ತಿಲ್ಲ ಅಬ್ಬಾ."

ಮುನಿಸು ಮುರಿಯಲು ಏನೋ ಒಂದು ಕೇಳುತ್ತಿದ್ದಾರೆ ಎಂದುಕೊಂಡು ನಾನು ಫೋನ್ ನೋಡುತ್ತಾ ಉತ್ತರ ಕೊಡುತ್ತಿದ್ದೆ. ಅವರು ಇನ್ನೂ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದರು. ನನ್ನ ಬದುಕಿನಲ್ಲಿ ಒಂದು ಮಧ್ಯಾಹ್ನವನ್ನು ಮತ್ತೆ ಕೊಡುತ್ತೇನೆ ಎಂದು ಯಾರಾದರೂ ಅಂದರೆ ನಾನು ಬೇರೆ ಯಾವುದನ್ನೂ ಕೇಳುವುದಿಲ್ಲ.

ಪಟ್ಟಿ ಬಿಚ್ಚಿದ ದಿನ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಎಡಗಡೆ ಸ್ವಲ್ಪ ತಗ್ಗಾಗಿತ್ತು, ಬಲಗಡೆಯಷ್ಟು ನುಣುಪಾಗಿರಲಿಲ್ಲ. ಇರಲಿ, ಎದೆ ಚಪ್ಪಟೆಯಾಗಿತ್ತು. ಒಂದೇ ಬನಿಯನ್ ಹಾಕಿ, ಅದರ ಮೇಲೆ ತೆಳು ಅಂಗಿ ತೊಟ್ಟು ಸ್ಕೂಲಿಗೆ ಹೋದೆ. ಬೋರ್ಡಿನ ತುದಿಯಿಂದ ಬರೆದೆ. ಯಾರೂ ಏನೂ ಗಮನಿಸಲಿಲ್ಲ. ಅದೇ ನನಗೆ ಹಬ್ಬ. ಮನೆಯಲ್ಲೂ ಬರೀ ಬನಿಯನ್ನಿನಲ್ಲಿ, ಕೆಲವೊಮ್ಮೆ ಅದೂ ಇಲ್ಲದೆ ಓಡಾಡತೊಡಗಿದೆ. ಆಗೆಲ್ಲ ಅಬ್ಬಾ ಒಮ್ಮೆ ನೋಡಿ, ಮುಖ ತಿರುಗಿಸಿ, ಬೇರೆ ಕಡೆ ಹೋಗುತ್ತಿದ್ದರು. ನನ್ನ ಮೇಲೆ ಸಿಟ್ಟು ಇಳಿದಿಲ್ಲ ಎಂದೇ ತಿಳಿದೆ. ನನಗೂ ಹಟ. ಮರುವರ್ಷ ಮದುವೆಯಾಯಿತು. ಹುಡುಗಿಗೆ ಮೊದಲೇ ಎಲ್ಲ ಹೇಳಿದ್ದೆ. "ಸರಿ, ಅದಕ್ಕೇನೀಗ?" ಎಂದಿದ್ದಳು. ಸ್ಕೂಲಿಗೆ ಹತ್ತಿರವಾಗಲಿ ಎಂದು ಕೆ.ಆರ್. ಪುರದ ಕಡೆ ಮನೆ ಮಾಡಿದೆವು.

ಮದುವೆಯ ಮೂರನೆಯ ವರ್ಷ, ಒಂದು ಭಾನುವಾರ ಬೆಳಿಗ್ಗೆ, ಅಮ್ಮಿಯ ಫೋನ್ ಬಂತು. ಅಬ್ಬಾ ಅಂಗಡಿ ತೆಗೆದು, ಹತ್ತು ಗಂಟೆಗೆ ಚಹಾಕ್ಕೆ ಮನೆಗೆ ಬಂದವರು ಸುಸ್ತು ಎಂದು ಮಂಚದ ಮೇಲೆ ಒರಗಿದ್ದಾರೆ. ಚಹಾ ತಂದು ಕರೆದರೆ ಏಳಲಿಲ್ಲ. ನಾನು ಸ್ಕೂಟರಿನಲ್ಲಿ ಶಿವಾಜಿನಗರ ಮುಟ್ಟುವಷ್ಟರಲ್ಲಿ ಗಲ್ಲಿಯ ಡಾಕ್ಟರು ನೋಡಿ ಹೋಗಿದ್ದರು. ಮನೆಯ ಮುಂದೆ ಚಪ್ಪಲಿಗಳು ಸೇರತೊಡಗಿದ್ದವು.

ನಮ್ಮಲ್ಲಿ ತೀರಿಕೊಂಡವರ ಮೈ ತೊಳೆಯುವುದಕ್ಕೆ ಗುಸ್ಲ್ ಎನ್ನುತ್ತಾರೆ. ಗಂಡಸರನ್ನು ಗಂಡಸರೇ, ಆದಷ್ಟೂ ಮನೆಯವರೇ ತೊಳೆಯಬೇಕು. ಮಸೀದಿಯಿಂದ ಈ ಕೆಲಸ ಬಲ್ಲ ಹಿರಿಯರೊಬ್ಬರು ಬಂದರು. ಅವರ ಜೊತೆ ನಾನು, ಅಬ್ಬಾನ ತಮ್ಮನಾದ ನನ್ನ ಚಾಚಾ. ಹಿತ್ತಿಲಲ್ಲಿ ಪರದೆ ಕಟ್ಟಿ ಹಲಗೆ ಹಾಕಿದ್ದರು. ಬೋರೆ ಎಲೆ ಹಾಕಿ ಕಾಯಿಸಿದ ನೀರು ಹಂಡೆಯಲ್ಲಿ ಆರುತ್ತಿತ್ತು. ಅಬ್ಬಾನ ಮೇಲೆ ಒಂದು ಚಾದರ ಹೊದಿಸಿ, ಅದರ ಕೆಳಗೇ ಬಟ್ಟೆ ತೆಗೆಯತೊಡಗಿದೆವು. ಸದರಿ, ಜುಬ್ಬಾ. ಆಮೇಲೆ ಬನಿಯನ್. ಅದರ ಕೆಳಗೆ ಇನ್ನೊಂದು ಬನಿಯನ್.

ನನ್ನ ಕೈ ನಿಂತಿತು.

"ಏನಾಯ್ತು?" ಎಂದರು ಹಿರಿಯರು. ಅವರೇ ಚಾದರದ ಕೆಳಗೆ ಕೈ ಹಾಕಿ ನೋಡಿ, "ಇದೇನು, ಬೆಲ್ಟಾ?" ಎಂದರು.

"ಬೆನ್ನು ನೋವಿಗೆ ಹಾಕ್ಕೊಳ್ತಿದ್ರು," ಎಂದರು ಚಾಚಾ.

ಬೆನ್ನು ನೋವಿನ ಬೆಲ್ಟೇ ಅದು, ಔಷಧಿ ಅಂಗಡಿಯಲ್ಲಿ ಸಿಗುವ ಅಗಲವಾದ ಎಲಾಸ್ಟಿಕ್ ಪಟ್ಟಿ. ಆದರೆ ಅದನ್ನು ಸೊಂಟಕ್ಕೆ ಕಟ್ಟಿರಲಿಲ್ಲ, ಎದೆಗೆ ಕಟ್ಟಿದ್ದರು. ನಾನು ಬಿಚ್ಚಿದೆ. ಪರ್ ಎಂದು ಸದ್ದಾಯಿತು. ಕಂಕುಳ ಕೆಳಗೆ ಎರಡೂ ಬದಿ ಪಟ್ಟಿಯ ಅಂಚು ಒತ್ತಿ ಒತ್ತಿ ಚರ್ಮ ಕಪ್ಪಾಗಿ, ಕಾಲಿನ ಆಣಿಯ ಹಾಗೆ ಗಟ್ಟಿಯಾಗಿತ್ತು. ವರ್ಷಗಟ್ಟಲೆಯ ಗುರುತು. ನೀರು ಹಾಕುವಾಗ ಒದ್ದೆ ಚಾದರ ಮೈಗೆ ಅಂಟಿಕೊಂಡಿತು. ಆಗ ಕಂಡಿತು. ಅದು ನನ್ನ ಎದೆ. ಇಂದಿರಾನಗರದಲ್ಲಿ ಕೊಯ್ದು ತೆಗೆಸಿದ ನನ್ನದೇ ಎದೆ, ವಯಸ್ಸಾಗಿ, ಜೋತು, ಹಲಗೆಯ ಮೇಲೆ ಮಲಗಿತ್ತು.

ಮೂವತ್ತಮೂರು ವರ್ಷ ಒಂದೇ ಸೂರಿನ ಕೆಳಗಿದ್ದೂ ಹೇಗೆ ಗೊತ್ತಾಗಲಿಲ್ಲ ಎಂದು ಕೇಳಿದರೆ ಏನು ಹೇಳಲಿ? ಅಬ್ಬಾ ಎಲ್ಲರಿಗಿಂತ ಮೊದಲು ಎದ್ದು ಸ್ನಾನ ಮಾಡಿ, ಬಚ್ಚಲಿನಿಂದ ಪೂರ್ತಿ ಬಟ್ಟೆ ತೊಟ್ಟೇ ಹೊರಗೆ ಬರುತ್ತಿದ್ದರು. ಜುಬ್ಬಾದಲ್ಲೇ ಮಲಗುತ್ತಿದ್ದರು. ಬೇಸಿಗೆಯಲ್ಲೂ ಸದರಿ ಬಿಚ್ಚುತ್ತಿರಲಿಲ್ಲ. ಮರ್ಯಾದಸ್ಥ ಮನುಷ್ಯ ಎನ್ನುತ್ತಿದ್ದರು ಜನ. ನನ್ನನ್ನು ನೋಡಿದ ನೆಂಟರೆಲ್ಲ, "ನಡಿಗೆ ಥೇಟ್ ಅಪ್ಪನದ್ದೇ, ಅದೇ ಬಾಗು" ಎನ್ನುತ್ತಿದ್ದರು. ಇಬ್ಬರೂ ಒಂದೇ ಕಾರಣಕ್ಕೆ ಬಾಗಿ ನಡೆಯುತ್ತಿದ್ದೆವು ಎಂದು ಆ ಹಿತ್ತಿಲಿನಲ್ಲಿ ನೀರಿನ ಚೊಂಬು ಹಿಡಿದು ನಿಂತಾಗ ತಿಳಿಯಿತು.

ಬಲಗಡೆ ಮೊದಲು, ಆಮೇಲೆ ಎಡಗಡೆ. ಮೂರು ಸಲ. ಕೊನೆಯ ನೀರಿಗೆ ಕರ್ಪೂರ. ಆ ಕಪ್ಪು ಗೆರೆಯ ಮೇಲೆ ನಾನು ಬೆರಳಿನಿಂದ ಮೆಲ್ಲಗೆ ಉಜ್ಜಿದೆ, ಹೋಗುತ್ತದೇನೋ ಎಂಬಂತೆ. ಹಿರಿಯರು ನನ್ನ ಮೊಣಕೈ ಮುಟ್ಟಿ, "ಸಾಕು ಬೇಟಾ," ಎಂದರು. ಕಫನ್ನಿನ ಬಿಳಿ ಬಟ್ಟೆ ಸುತ್ತಿದ ಮೇಲೆ ಕೈ ತೊಳೆಯುತ್ತಾ ನಮ್ಮಿಬ್ಬರಿಗೂ ಹೇಳಿದರು: "ತೊಳೆದವರು ಕಂಡಿದ್ದನ್ನ ಹೊರಗೆ ಹೇಳಬಾರದು. ಇಲ್ಲೇ ಬಿಟ್ಟು ಹೋಗಿ." ಸಂಜೆಯ ಅಸರ್ ನಮಾಜಿನ ನಂತರ ಮಣ್ಣು ಮಾಡಿದೆವು.

ನಮ್ಮಲ್ಲಿ ಗಂಡ ಸತ್ತ ಮೇಲೆ ಹೆಂಗಸರು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು. ಪ್ರತಿ ಭಾನುವಾರ ನಾನು ಅಮ್ಮಿಯ ಹತ್ತಿರ ಹೋಗಿ ಕೂರುತ್ತಿದ್ದೆ. ಬಾಯಿಗೆ ಬಂದದ್ದು ಎಷ್ಟೋ ವಾರ ಹಿಂದಕ್ಕೆ ಹೋಯಿತು. ಒಂದು ದಿನ ಅವರು ಅಕ್ಕಿ ಆರಿಸುತ್ತಿದ್ದಾಗ ಕೇಳಿಯೇಬಿಟ್ಟೆ.

"ನಿಮಗೆ ಗೊತ್ತಿತ್ತಾ ಅಮ್ಮಿ?"

ಏನು ಎಂದು ಅವರು ಕೇಳಲಿಲ್ಲ. "ಅವರ ಹೆಂಡತಿ ಅಲ್ವೇನೋ ನಾನು," ಎಂದರು. ಮೊರ ಪಕ್ಕಕ್ಕಿಟ್ಟರು. "ನಿನಗೆ ಹದಿಮೂರು ವರ್ಷ ಆದಾಗಲೇ ಅವರಿಗೆ ತಿಳೀತು. ನೀನು ಬನಿಯನ್ ಬಿಗಿ ಬೇಕು ಅಂದ ದಿನ ಬಂದು ಹೇಳಿದ್ರು, 'ನನ್ನ ಪಾಪ ಅವನಿಗೂ ಬಂತು' ಅಂತ. ಆ ದಿನ ಊಟ ಮಾಡ್ಲಿಲ್ಲ."

"ಮತ್ತೆ ಆಪರೇಷನ್ ಬೇಡ ಅಂದಿದ್ಯಾಕೆ?"

"ಹೆದರಿಕೆ ಕಣೋ. ಕತ್ತಿಯ ಕೆಳಗೆ ಮಲಗಿ ಏಳದೆ ಹೋದ್ರೆ ಅಂತ. ನೀನು ಎದ್ದು ಬಂದೆ. ಆಮೇಲೆ..." ಅಮ್ಮಿ ನೆಲದ ಮೇಲೆ ಬಿದ್ದಿದ್ದ ಒಂದೆರಡು ಅಕ್ಕಿಕಾಳು ಹೆಕ್ಕಿ ಮೊರಕ್ಕೆ ಹಾಕಿದರು. "ಆಮೇಲೆ ಅವರಿಗೂ ಆಸೆ ಆಯ್ತು."

ನನ್ನ ಮದುವೆಯಾಗಿ ಆರು ತಿಂಗಳಿಗೆ, ಕೆ.ಆರ್. ಪುರಕ್ಕೆ ಮಗನ ಮನೆಗೆ ಹೋಗುತ್ತೇವೆಂದು ಚಾಚಾನಿಗೆ ಹೇಳಿ, ಇಬ್ಬರೂ ಬಸ್ ಹತ್ತಿ ಇಂದಿರಾನಗರದಲ್ಲಿ ಇಳಿದರಂತೆ. ಅದೇ ಕ್ಲಿನಿಕ್, ಅದೇ ಡಾಕ್ಟರು. ಮಗನೂ ಇಲ್ಲಿಗೇ ಬಂದಿದ್ದ ಎಂದು ಅಬ್ಬಾ ಹೇಳಲಿಲ್ಲ. ಡಾಕ್ಟರು ನಿಧಾನವಾಗಿ ನೋಡಿ ಎಲ್ಲ ವಿವರಿಸಿದರಂತೆ. ಚರ್ಮ ಸಡಿಲವಾಗಿರುವುದರಿಂದ ಗ್ರಂಥಿ ತೆಗೆದರೆ ಸಾಲದು, ಚರ್ಮವನ್ನೂ ಕತ್ತರಿಸಿ ಸೇರಿಸಬೇಕು, ಉದ್ದ ಗಾಯ ಉಳಿಯುತ್ತದೆ. ಸಕ್ಕರೆ ಕಾಯಿಲೆ ಬೇರೆ ಇದೆ. ಮೊದಲು ಹೃದಯದ ಡಾಕ್ಟರ ಒಪ್ಪಿಗೆ ತನ್ನಿ. ಹೃದಯದ ಡಾಕ್ಟರು ಒಪ್ಪಲಿಲ್ಲ. ಈ ವಯಸ್ಸಿಗೆ ಇದಕ್ಕೋಸ್ಕರ ಮತ್ತು ತೆಗೆದುಕೊಳ್ಳುವುದು ಬೇಡ ಎಂದರು.

"ಬಹಳ ಬೇಜಾರು ಮಾಡ್ಕೊಂಡ್ರಾ?" ಎಂದೆ.

"ಇಂದಿರಾನಗರದಿಂದ ವಾಪಸ್ ಬರ್ತಾ, ಬಸ್ಸು ಹಲಸೂರು ದಾಟೋವಾಗ ನಕ್ಕುಬಿಟ್ರು. 'ಅರವತ್ತು ದಾಟಿದ ಮೇಲೆ ಒಬ್ಬ ಡಾಕ್ಟರ್ ಮುಟ್ಟಿ ನೋಡಿ ಹೇಳಿದ, ಇದು ತುಂಬಾ ಜನಕ್ಕೆ ಇರುತ್ತೆ ಅಂತ. ನಾನು ಒಬ್ಬನೇ ಅಂದ್ಕೊಂಡಿದ್ದೆ' ಅಂದ್ರು."

"ನನಗೆ ಒಂದು ಮಾತು ಹೇಳಬಾರದಿತ್ತಾ ಅಮ್ಮಿ? ನಾನೇ ಕರ್ಕೊಂಡು ಹೋಗ್ತಿದ್ದೆ."

"ನಾನೂ ಅದೇ ಅಂದೆ. ಬೇಡ ಅಂದ್ರು. 'ನೀವು ಗಂಡಸಾಗಿ ಬದುಕಿದವರು ಅಂತ ಅವನು ಹೇಳಿದಾನೆ. ಅವನ ಕಣ್ಣಲ್ಲಾದ್ರೂ ಹಾಗೇ ಇರ್ಲಿ' ಅಂದ್ರು."

ನಾನು ಅವರ ಮಡಿಲಲ್ಲಿ ತಲೆ ಇಟ್ಟೆ. ಆಪರೇಷನ್ನಿಗೆ ಮುಂಚಿನ ಆ ಭಾನುವಾರ ನನ್ನ ಬಾಯಿಂದ ಬಂದ ಮಾತು ಬೈಗುಳ ಎಂದು ನಾನು ಇಷ್ಟು ವರ್ಷ ನೊಂದಿದ್ದೆ. ಅವರು ಅದನ್ನು ಉಡುಗೊರೆಯ ಹಾಗೆ ಇಟ್ಟುಕೊಂಡಿದ್ದರು. ಎರಡರಲ್ಲಿ ಯಾವುದು ಹೆಚ್ಚು ಸುಡುತ್ತದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಮುಚ್ಚಿಡುವುದನ್ನು ಕಲಿಯುವ ಮೊದಲೇ ಅವರು ನನ್ನ ಪಕ್ಕ ಕೂತು, ನನಗೂ ಹೀಗೇ ಇದೆ ಕಣೋ ಎಂದಿದ್ದರೆ? ಅಥವಾ ನಾನೇ ಆ ದಾಳಿಂಬೆಯ ಮಧ್ಯಾಹ್ನ ಫೋನ್ ಕೆಳಗಿಟ್ಟು, ಯಾಕೆ ಕೇಳ್ತಿದ್ದೀರಿ ಅಬ್ಬಾ ಎಂದಿದ್ದರೆ? ಆಗ ಅವರ ಹೃದಯ ಇನ್ನೂ ಗಟ್ಟಿಯಾಗಿತ್ತೋ ಏನೋ. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಹಗ್ಗದ ಮೇಲೆ ಬನಿಯನ್ ಒಣಹಾಕುತ್ತಾ, ತಾನೊಬ್ಬನೇ ಎಂದುಕೊಂಡು ಬದುಕಿದೆವು.

ಇದನ್ನು ಬರೆಯಬೇಕೆನಿಸಿ ಒಂದು ವರ್ಷ ಸುಮ್ಮನಿದ್ದೆ. ಗುಸ್ಲ್ ಮಾಡಿಸಿದ ಹಿರಿಯರ ಮಾತು ಅಡ್ಡ ಬರುತ್ತಿತ್ತು. ಕಂಡದ್ದನ್ನು ಹೇಳಬಾರದು. ಆದರೆ ಸ್ಕೂಲಿನಲ್ಲಿ, ಬಸ್ಸಿನಲ್ಲಿ, ಸೆಕೆಯಲ್ಲೂ ಜಾಕೆಟ್ ಹಾಕಿ ಬಾಗಿ ನಿಂತ ಯಾರನ್ನಾದರೂ ಕಂಡರೆ ಹತ್ತಿರ ಹೋಗಿ ಮಾತಾಡಿಸಬೇಕೆನಿಸುತ್ತಿತ್ತು. ಕೊನೆಗೆ ಅಮ್ಮಿಯನ್ನೇ ಕೇಳಿದೆ. ಅವರಿಗೆ ಕನ್ನಡ ಓದಲು ಬಾರದು.

"ಬರಿ. ಅವರ ಹೆಸರು ಬರೀಬೇಡ. ನಂದೂ ಬೇಡ, ನಿಂದೂ ಬೇಡ," ಎಂದರು. ಆಮೇಲೆ, "ಬರೀ ಅಳೋದೇ ಬರೀತೀಯಾ? ಇನ್ನೊಂದು ವಿಷ್ಯ ಇದೆ, ಅದನ್ನೂ ಬರಿ," ಎಂದರು.

ಮದುವೆಯಾದ ಹೊಸದರಲ್ಲಿ ಅಬ್ಬಾನನ್ನು ಅಮ್ಮಿ ಕೋಲಾರದ ಕಡೆಯ ತವರೂರಿಗೆ ಕರೆದುಕೊಂಡು ಹೋಗಿದ್ದರಂತೆ. ಊರಾಚೆ ಒಂದು ದೊಡ್ಡ ಬಾವಿ, ಇಳಿಯಲು ಕಲ್ಲಿನ ಮೆಟ್ಟಿಲು. ಮಧ್ಯಾಹ್ನ, ಸುತ್ತ ಒಬ್ಬರೂ ಇಲ್ಲ. ಅಬ್ಬಾ ನೀರನ್ನೇ ನೋಡುತ್ತಾ ನಿಂತಿದ್ದರಂತೆ. ಅಮ್ಮಿ ಹೇಳಿದರಂತೆ, "ಇಳೀರಿ. ದಾರೀಲಿ ನಾನು ನಿಂತಿರ್ತೀನಿ, ಯಾರೂ ಬರಲ್ಲ."

ಅಬ್ಬಾ ಅಂಗಿ ಬಿಚ್ಚಿ, ಬನಿಯನ್ ಬಿಚ್ಚಿ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಿಂದ ಹಾರಿದರಂತೆ. ಈಜು ಎಲ್ಲಿ ಕಲಿತಿದ್ದರೋ ಅಮ್ಮಿಗೂ ಗೊತ್ತಿಲ್ಲ. ಒಂದು ಗಂಟೆ ನೀರಿನಲ್ಲಿದ್ದರು. ಅಂಗಾತ ತೇಲುತ್ತಾ ಕೂಗಿ ಕೂಗಿ ಏನೇನೋ ಮಾತಾಡುತ್ತಿದ್ದರು, ನಗುತ್ತಿದ್ದರು. ಅಮ್ಮಿ ಬಾವಿಗೆ ಬೆನ್ನು ಹಾಕಿ, ಸೆರಗು ತಲೆಗೆ ಹೊದ್ದು, ಬಿಸಿಲಿನಲ್ಲಿ ದಾರಿ ಕಾಯುತ್ತಾ ನಿಂತಿದ್ದರು. ಯಾರೋ ಕುರಿ ಹೊಡೆದುಕೊಂಡು ಬಂದರು. ಒಳಗೆ ಹೆಂಗಸರು ಸ್ನಾನ ಮಾಡ್ತಿದ್ದಾರೆ, ಆ ಕಡೆಯಿಂದ ಹೋಗಿ ಎಂದು ಅಮ್ಮಿ ಹೇಳಿದರು. ಅವರು ಸುತ್ತು ಹಾಕಿಕೊಂಡು ಹೋದರು.